ಥಾರ್‌ಗೆ ಸಸ್ತಾ ಟೈರಾ, ತುಟ್ಟಿ ಟೈರಾ? ಚಿತ್ತಾಪುರ–ಸೇಡಂ–ಕಲಬುರಗಿ ಓಡಾಟ

ಕಾಗಿಣಾ ದಂಡಿ (ಚಿತ್ತಾಪುರ):

ಎಲ್ಲರಿಗೂ ನಮಸ್ಕಾರ್ರಿ. ಗಾಡಿ ಮಹೀಂದ್ರಾ ಥಾರ್ ಡೀಸೆಲ್ 4×4, ಟೈರ್ ಸೈಜ್ 255/65 ಆರ್18. ಕಂಪನಿಯಿಂದ ಬಂದ ಎಟಿ (ಆಲ್ ಟೆರೇನ್, ಡಾಂಬರ್–ಕಚ್ಚಾ ಎರಡಕ್ಕೂ ಆಗೋ) ಟೈರ್ ಸವೆದು ಈಗ 3 ಮಿಲಿಮೀಟರ್ ಉಳದಾವ. ಮಳಿಗಾಲ ಬರೋದ್ರಾಗ ಬದಲಿ ಮಾಡ್ಬೇಕು.

ಓಡಾಟ ಹಿಂಗದ: ನೂರಕ್ಕ ಎಪ್ಪತ್ತು ಡಾಂಬರ್ ರೋಡು, ಇಪ್ಪತ್ತು ಪರ್ಸಿ (ಹಾಸುಗಲ್ಲು) ಖಣಿಗಳ ಕಚ್ಚಾ ದಾರಿ, ಉಳಿದ ಹತ್ತು ಹೊಲದ ದಾರಿ. ಹೊಲ ಪೂರಾ ಎರಿ ಭೂಮಿ. ಹಿಂದ ಒಮ್ಮೊಮ್ಮೆ 50 ಕೆಜಿಯ ನಾಕು ಚೀಲ ತೊಗರಿ ಇರ್ತಾವ.

ಅಂಗಡ್ಯಾಗ ಕೇಳಿದ ರೇಟು, ಒಂದು ಟೈರಿಗೆ:
ದೇಶೀ ಎಟಿ 11,500
ಅದಕ್ಕಿಂತ ಮ್ಯಾಲಿನ ಎಟಿ, ಸೈಡ್‌ವಾಲ್ (ಟೈರಿನ ಬದಿ) ಗಟ್ಟಿ ಅಂತಾರ, 16,500
ಇಂಪೋರ್ಟೆಡ್ ಎಲ್‌ಟಿ (ಲೈಟ್ ಟ್ರಕ್ಕಿನ ಗಟ್ಟಿ ಟೈರ್) 24,000, ಆದ್ರ ಇದು ನನ್ನ ಸೈಜಿನಾಗ ಇಲ್ಲ, 255/70 ಹಾಕ್ರಿ ಅಂತಾರ
ರಿಮೋಲ್ಡ್ ಮಾಡಿದ (ಹಳೇ ಟೈರಿಗೆ ಹೊಸ ರಬ್ಬರ್ ಕೂಡಿಸಿದ) ಮಡ್ ಟೈರ್ 6,000

ಎರಡು ಪಟ್ಟು ರೊಕ್ಕ ಕೊಟ್ರ ಎರಡು ಪಟ್ಟು ಬಾಳಿಕೆ ಬರ್ತದೇನ್ರಿ? ಎರಿ ರಾಡ್ಯಾಗ ಹೆಚ್ಚು ಯಾವ್ದು ನಡೀತದ? ಮತ್ತ ಈ ಸಲ ಹಿಂದಿನೆರಡೇ ಹಾಕಿ ಮುಂದಿನವು ಆರು ತಿಂಗಳ ಬಿಟ್ಟು ಹಾಕಿದ್ರ ನಡೀತದೇನು? ತಿಳಿದವ್ರು ಹೇಳ್ರಿ.


ಪರ್ಸಿ ಕಲ್ಲು (ಶಹಾಬಾದ್):

ರೇಟು ಆಮ್ಯಾಲ ನೋಡೂಣು. ಮೊದಲು ಅಂಗಡಿಗೆ ಹೋಗಿ ಟೈರಿನ ಬದಿ ಓದ್ರಿ. ಅದರ ಮ್ಯಾಲ ಸಣ್ಣ ಅಕ್ಷರದಾಗ ಎಷ್ಟು ಪದರ ಅವ ಅಂತ ಬರದಿರ್ತಾರ: ಟ್ರೆಡ್ (ನೆಲಕ್ಕ ತಾಗೋ ಭಾಗ) ಒಳಗ ಪಾಲಿಯೆಸ್ಟರ್ ಎಷ್ಟು, ಸ್ಟೀಲ್ ಎಷ್ಟು, ನೈಲಾನ್ ಎಷ್ಟು, ಸೈಡ್‌ವಾಲಿನಾಗ ಪಾಲಿಯೆಸ್ಟರ್ ಎಷ್ಟು. ಸ್ಟೀಲ್ ಬೆಲ್ಟ್ ಸಾಮಾನ್ಯವಾಗಿ ಎರಡು ಇರ್ತಾವ, ಅದರಾಗ ಫರಕ್ ಇಲ್ಲ. ನೀವು ನೋಡೋದು ಸೈಡ್‌ವಾಲ್. ಅಲ್ಲಿ 1 ಪಾಲಿಯೆಸ್ಟರ್ ಅಂತ ಇದ್ರ ಖಣಿ ದಾರಿಗೆ ಆ ಟೈರ್ ಬ್ಯಾಡ, ಎಷ್ಟು ಸಸ್ತಾ ಕೊಟ್ರೂ ಬ್ಯಾಡ. 2 ಇದ್ರ ನಡೀತದ. 3 ಇದ್ರ ಪರ್ಸಿ ಮ್ಯಾಲ ನಿಶ್ಚಿಂತಿ, ಆದ್ರ ಭಾರ ಮತ್ತ ಬಿರುಸು.

ಯಾಕಂದ್ರ ನಮ್ಮ ಕಡೆ ಟೈರ್ ಸವೆದು ಹೋಗೋದಕ್ಕಿಂತ ಬದಿ ಹರಿದು ಹೋಗೋದು ಜಾಸ್ತಿ. ಖಣಿ ಹಾದ್ಯಾಗ ಒಡದ ಪರ್ಸಿ ಚಪ್ಪಡಿ ಅಡ್ಡ ಬಿದ್ದಿರೋದಿಲ್ಲ, ಪಕ್ಕಕ್ಕ ನೆಟ್ಟಗ ನಿಂತಿರ್ತದ. ಸುಣ್ಣಗಲ್ಲು ಪದರ ಪದರಾಗಿ ಸೀಳೋದ್ರಿಂದ ಅದರ ಅಂಚು ಚೂಪು. ಗಾಡಿ ಚಕ್ಕಡಿ ಜಾಡಿನಾಗ ಇಳದಾಗ ಆ ಅಂಚು ಟ್ರೆಡ್ಡಿಗೆ ತಾಗಂಗಿಲ್ಲ, ಸೀದಾ ಸೈಡ್‌ವಾಲಿಗೆ ತಾಗ್ತದ. ಟ್ರೆಡ್ಡಿನಾಗ ಮೊಳಿ ಹೊಕ್ರ ಪಂಚರ್ ಹಾಕಿಸಬಹುದು. ಸೈಡ್‌ವಾಲ್ ಕಟ್ ಆದ್ರ ಆ ಟೈರ್ ಮುಗೀತು, ಹೊಸಾದಾದ್ರೂ ಮುಗೀತು. ಒಳಗಿನ ದಾರ ಕಡಿದಿರ್ತಾವ. ಮ್ಯಾಲ ಪ್ಯಾಚ್ ಹಚ್ಚಿದ್ರ ಹವಾ ನಿಲ್ತದ, ಆದ್ರ ಬಲ ಬರಂಗಿಲ್ಲ. ನಾಕು ದಿನದಾಗ ಅಲ್ಲೇ ಬುಗುಟಿ ಏಳ್ತದ, ಬ್ಯಾಸಗಿ ಹೊತ್ತಿನಾಗ ಹೈವೇ ಮ್ಯಾಲ ಒಡೀತದ.

ಇನ್ನೊಂದು ಶತ್ರು ತೊಗರಿ ಕೂಳಿ. ಕುಡಗೋಲಿನಿಂದ ಓರೆ ಕೊಯ್ದ ತೊಗರಿ ಬುಡ ಒಣಗಿದ್ರ ಗೂಟ ಇದ್ದಂಗ ಇರ್ತದ. ಡಿಸೆಂಬರ್‌ನಿಂದ ಫೆಬ್ರುವರಿ ತನಕ ಕೊಯ್ದ ಹೊಲದಾಗ ಸಾಲಿಗೆ ಅಡ್ಡ ಗಾಡಿ ಹೊಡೀಬ್ಯಾಡ್ರಿ, ಸಾಲಿನ ನಡು ಹಿಡ್ಕೊಂಡು ಹೋಗ್ರಿ. ಬಳ್ಳಾರಿ ಜಾಲಿ ಮುಳ್ಳು ಟ್ರೆಡ್ಡಿನಾಗ ಮುರಿದು ಉಳಿದ್ರ ಅವತ್ತೇ ಹವಾ ಹೋಗಂಗಿಲ್ಲ, ವಾರಕ್ಕ 3–4 ಪಿಎಸ್ಐ ಇಳೀತಾ ಇರ್ತದ. ಅದಕ್ಕ 11,500ರ ಟೈರೂ ಒಂದೇ, 24,000ದ ಟೈರೂ ಒಂದೇ.

ಲೋಡ್ ಬಗ್ಗೆ ಚಿಂತಿ ಬಿಡ್ರಿ. 255/65 ಆರ್18ಕ್ಕ ಸಾಮಾನ್ಯವಾಗಿ ಲೋಡ್ ಇಂಡೆಕ್ಸ್ 111 ಇರ್ತದ, ಅಂದ್ರ ಟೈರಿಗೆ 1,090 ಕೆಜಿ, ನಾಕಕ್ಕ 4,360. ನಿಮ್ಮ ಗಾಡಿ, ಮಂದಿ, ತೊಗರಿ ಚೀಲ ಎಲ್ಲಾ ಕೂಡಿ ಎರಡೂವರಿ ಟನ್ ದಾಟಂಗಿಲ್ಲ. ಎಲ್‌ಟಿ ಟೈರ್ ಯಾರಾದ್ರೂ ‘ಲೋಡಿಗೆ ಬೇಕಾಗ್ತದ’ ಅಂತ ಮಾರಿದ್ರ ನಂಬಬ್ಯಾಡ್ರಿ. ಕಟ್ ತಡೀಲಿಕ್ಕ ಬೇಕಂದ್ರ ಅದು ಬ್ಯಾರೆ ಮಾತು.


ಮಾಂಜ್ರಾ (ಬೀದರ್):

ಪರ್ಸಿ ಕಲ್ಲು ಅವರು ಹೇಳಿದ್ದು ಸರಿ. ಅದಕ್ಕೆ ಲೆಕ್ಕ ಸೇರಿಸುತ್ತೇನೆ, ಏಕೆಂದರೆ ‘ಎರಡು ಪಟ್ಟು ಬಾಳಿಕೆ’ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ನಿಮ್ಮಂಥ ಮಿಶ್ರ ಓಡಾಟದಲ್ಲಿ ಅಗ್ಗದ ಎಟಿ 40,000 ಕಿಲೋಮೀಟರ್, ಮಧ್ಯದ್ದು 50,000, ಇಂಪೋರ್ಟೆಡ್ ಎಲ್‌ಟಿ 55,000 ಬರುತ್ತವೆ ಎಂದು ಹಿಡಿಯೋಣ. ಇವು ನಾನು ಲೆಕ್ಕಕ್ಕೆ ಹಿಡಿದ ಅಂಕಿ, ಕಂಪನಿಯ ಭರವಸೆ ಅಲ್ಲ. ಒಬ್ಬೊಬ್ಬರ ಕಾಲು ಒಂದೊಂದು ಥರ. ನಾಲ್ಕು ಟೈರಿಗೆ 46,000, 66,000, 96,000 ರೂಪಾಯಿ. ಕಿಲೋಮೀಟರಿಗೆ 1.15, 1.32, 1.75 ರೂಪಾಯಿ. ಇಷ್ಟೇ ನೋಡಿದರೆ ಅಗ್ಗದ್ದೇ ಗೆಲ್ಲುತ್ತದೆ.

ಈಗ ಸೈಡ್‌ವಾಲ್ ಸೇರಿಸಿ. ಅಗ್ಗದ ಸೆಟ್ಟಿನಲ್ಲಿ ಅಷ್ಟು ದೂರದೊಳಗೆ ಎರಡು ಟೈರ್ ಬದಿ ಹರಿದುಕೊಂಡರೆ ಖರ್ಚು 69,000ಕ್ಕೆ ಏರಿ ಕಿಲೋಮೀಟರಿಗೆ 1.73 ಆಗುತ್ತದೆ. ಮಧ್ಯದ ಸೆಟ್ಟಿನಲ್ಲಿ ಒಂದು ಹರಿದರೂ 82,500 ಭಾಗಿಸು 50,000, ಅಂದರೆ 1.65. ಖಣಿ ದಾರಿಯಲ್ಲಿ ವರ್ಷಕ್ಕೊಂದು ಟೈರ್ ಹೋಗುವವರಿಗೆ 16,500 ರೂಪಾಯಿಯ ಟೈರೇ ಅಗ್ಗ. ಡಾಂಬರ್ ಬಿಟ್ಟು ಇಳಿಯದವರಿಗೆ 11,500ರದ್ದೂ ಹೆಚ್ಚೇ, ಅವರು ಎಚ್‌ಟಿ (ಹೈವೇಗೆ ಮಾಡಿದ ಟೈರ್) ಹಾಕಿಸಿಕೊಂಡರೆ ಇನ್ನೂ ಉಳಿತಾಯ.

24,000ದ ಎಲ್‌ಟಿಯಲ್ಲಿ ಕಾಣದ ಖರ್ಚು ಡೀಸೆಲ್. ಒಂದೊಂದು ಟೈರೂ ಕೆಲವು ಕೆಜಿ ಹೆಚ್ಚು ತೂಗುತ್ತದೆ, ಉರುಳುವಾಗಿನ ಪ್ರತಿರೋಧವೂ ಹೆಚ್ಚು. ಮೈಲೇಜ್ ನೂರಕ್ಕೆ ಐದು ಇಳಿದರೂ ಸಾಕು: ಲೀಟರಿಗೆ 12 ಕಿಲೋಮೀಟರ್ ಇದ್ದದ್ದು 11.4 ಆಗುತ್ತದೆ. ಡೀಸೆಲ್ 90 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ 39 ಪೈಸೆ ಹೆಚ್ಚುವರಿ. 40,000 ಕಿಲೋಮೀಟರಿಗೆ ಸುಮಾರು 15,800 ರೂಪಾಯಿ. ಟೈರಿನ ಬಿಲ್ಲಿನಲ್ಲಿ ಇದು ಕಾಣುವುದಿಲ್ಲ, ಪಂಪಿನಲ್ಲಿ ಹೋಗುತ್ತದೆ.

ಕೆಲವು ತುಟ್ಟಿ ಎಟಿಗಳ ಬದಿಯಲ್ಲಿ ಮೂರು ಶಿಖರದ ಬೆಟ್ಟ, ನಡುವೆ ಹಿಮದ ಹರಳಿನ ಗುರುತು ಇರುತ್ತದೆ. ಹಿಮದ ಮೇಲೆ ಹಿಡಿತದ ಪರೀಕ್ಷೆ ಪಾಸಾಗಿದೆ ಎಂದು ಅರ್ಥ. ಲಡಾಖಿಗೆ ಹೋಗುವವರಿಗೆ ಬೇಕು. ಮೇ ತಿಂಗಳಲ್ಲಿ 43 ಡಿಗ್ರಿ ಮುಟ್ಟುವ ಕಲಬುರಗಿಯಲ್ಲಿ ಆ ಗುರುತಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಟೈರ್ ತಯಾರಾದ ದಿನಾಂಕ ನೋಡುವುದು ಮರೆಯಬೇಡಿ. ಟೈರಿನ ಬದಿಯಲ್ಲಿ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 1425 ಎಂದರೆ 2025ರ 14ನೇ ವಾರ. ಟೈರಿನ ಒಂದು ಬದಿಯಲ್ಲಿ ಮಾತ್ರ ಪೂರ್ತಿ ಇರುವುದರಿಂದ ಎರಡೂ ಬದಿ ನೋಡಬೇಕು. 2020ರ ಜೂನ್‌ನಲ್ಲಿ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ವಿದೇಶಿ ಟೈರ್ ಮೊದಲಿನಷ್ಟು ಸಲೀಸಾಗಿ ಬರುವುದಿಲ್ಲ. ಹಾಗಾಗಿ ಇಂಪೋರ್ಟೆಡ್ ಎಂದು ತೋರಿಸುವ ಟೈರು ಗೋಡೌನಿನಲ್ಲಿ ಎಷ್ಟು ದಿನ ಇತ್ತು ಎಂಬುದು ಮುಖ್ಯ. ಆರು ತಿಂಗಳೊಳಗಿನದಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ, ವರ್ಷ ದಾಟಿದ್ದರೆ ಬೆಲೆ ಇಳಿಸಿ ಕೇಳಿ, ಎರಡು ವರ್ಷ ದಾಟಿದ್ದನ್ನು ಬಿಟ್ಟುಬಿಡಿ. ಐಎಸ್ಐ ಗುರುತು ಮತ್ತು ಐಎಸ್ 15633 ಎಂಬ ಸಂಖ್ಯೆ ಕಾರಿನ ಟೈರಿನ ಮೇಲೆ ಇರಲೇಬೇಕು.

ಬಿಲ್ಲಿನಲ್ಲಿ ಜಿಎಸ್‌ಟಿ ಶೇ. 18 ಇರಬೇಕು. 2025ರ ಸೆಪ್ಟೆಂಬರ್ 22ರಿಂದ 28 ಇದ್ದದ್ದು 18ಕ್ಕೆ ಇಳಿದಿದೆ. ಹಳೆ ರೇಟ್ ಪಟ್ಟಿ ತೋರಿಸಿ ‘ಡಿಸ್ಕೌಂಟ್’ ಎನ್ನುವವರ ಹತ್ತಿರ ಇದನ್ನು ಎತ್ತಿ ನೋಡಿ.


ಸಗರನಾಡ ಗುಡ್ಡ (ಶಹಾಪುರ):

ನೀವೆಲ್ಲಾ ಲೆಕ್ಕ ಹಾಕ್ಲಿಕ್ಕ ಹತ್ತೀರಿ. ಎಮ್‌ಟಿ (ರಾಡಿಗೆ ಮಾಡಿದ ಮಡ್ ಟೈರ್) ಹಾಕಿಸ್ರಿ, ಮುಗೀತು. ರಾಡ್ಯಾಗ ಎಟಿ ಅಂದ್ರ ಬೋಳು ಟೈರ್ ಇದ್ದಂಗ. ನಮ್ಮ ಕಡೆ ಕಾಲುವಿ ನೀರು ಬಿಟ್ಟ ಮ್ಯಾಲ ಭತ್ತದ ಗದ್ದಿ ಬದಿಗೆ ಎಮ್‌ಟಿ ಇಲ್ಲದ ಜೀಪ್ ಇಳಸಂಗೇ ಇಲ್ಲ.


ಪರ್ಸಿ ಕಲ್ಲು (ಶಹಾಬಾದ್):

ಅಣ್ಣಾ, ನಿಮ್ಮ ಶಹಾಪುರ–ಸುರಪುರ ಕಡೆ ಗುಡ್ಡದ ಬುಡಕ್ಕ ಮಸಬು ಭೂಮಿ, ಮರಳು ಕೂಡಿದ ರಾಡಿ, ತಳದಾಗ ಗಟ್ಟಿ ಸಿಗ್ತದ. ಅಲ್ಲಿ ಎಮ್‌ಟಿ ಟೈರಿನ ದಪ್ಪ ಬ್ಲಾಕ್ ಕೆಳಗಿನ ಗಟ್ಟಿ ನೆಲ ಹಿಡೀತಾವ. ಖರೆ ಮಾತು. ಚಿತ್ತಾಪುರದ ಎರಿ ಹಂಗಲ್ಲ. ಎಷ್ಟೋ ಕಡೆ ಆಳುದ್ದ ಅಗದ್ರೂ ಅದೇ ಜೇಡಿ. ನೀರು ಕುಡದು ಉಬ್ಬಿದ ಜೇಡಿ ರಬ್ಬರಿಗೆ ಅಂಟು ಹಾಕಿದಂಗ ಮೆತ್ಕೋತದ. ಎಟಿಯ ಸಂದಿ ಒಂದೆರಡು ಸುತ್ತಿನಾಗ ತುಂಬ್ತಾವ, ಎಮ್‌ಟಿಯ ಸಂದಿ ಹತ್ತು ಸುತ್ತಿನಾಗ. ತುಂಬಿದ ಮ್ಯಾಲ ಎರಡೂ ಬೋಳೇ.

ಎಮ್‌ಟಿಗೆ ಒಂದು ಹೆಚ್ಚಿನ ಗುಣ ಅದ: ಗಾಲಿ ಜೋರ್ ತಿರುಗಿದ್ರ ಸಂದಿಯ ಮಣ್ಣು ಸಿಡಿದು ಹೊರಗ ಬೀಳ್ತದ. ಅದಕ್ಕ ಗಾಲಿಗೆ ವೇಗ ಬೇಕು. 4ಎಲ್ (ನಾಕೂ ಗಾಲಿಗೆ ಬಲ, ನಿಧಾನದ ಗೇರ್) ಒಂದನೇ ಗೇರಿನಾಗ ತೆವಳಿದ್ರ ಆ ವೇಗ ಬರಂಗಿಲ್ಲ. ಎರ್ಯಾಗ 4ಎಲ್ ಮೂರನೇ ಗೇರ್, ಇಲ್ಲಾ 4ಎಚ್ (ನಾಕೂ ಗಾಲಿಗೆ ಬಲ, ಸಾಮಾನ್ಯ ವೇಗ) ಎರಡನೇ ಗೇರ್ ಹಾಕಿ, ಸ್ಟೇರಿಂಗ್ ಸ್ವಲ್ಪ ಎಡಕ್ಕ ಬಲಕ್ಕ ಆಡಿಸ್ತಾ ನಿಲ್ಲದಂಗ ಹೋಗ್ಬೇಕು. ನಿಂತ್ರಿ ಅಂದ್ರ ಗಾಡಿ ಅಲ್ಲೇ. ಗಾಲಿ ಸುಮ್ನ ತಿರುಗ್ಲಿಕ್ಕ ಹತ್ತಿದ ಕ್ಷಣ ಆಕ್ಸಿಲೇಟರ್ ಬಿಟ್ಟು, ಬಂದ ಜಾಡಿನಾಗೇ ರಿವರ್ಸ್ ಹೊಡೀರಿ. ಮತ್ತ ಒತ್ತಿದ್ರ ಆಕ್ಸೆಲ್ ತನಕ ಕೂತು ಟ್ರ್ಯಾಕ್ಟರ್ ಕರಸೂದು ಆಗ್ತದ.

ಹೊಲಕ್ಕ ಇಳಿಯೋ ಮುಂಚೆ ಇಳದು ಹತ್ತು ಹೆಜ್ಜಿ ನಡೀರಿ. ಚಪ್ಪಲಿಗೆ ಮಣ್ಣು ದಪ್ಪ ಹತ್ತಿ ಕಾಲು ಭಾರ ಆಯ್ತಂದ್ರ ಯಾವ ಟೈರೂ ಬ್ಯಾಡ, ಎರಡು ಬಿಸಿಲು ಬಿದ್ದ ಮ್ಯಾಲ ಬರ್ರಿ. ಸಿಕ್ಕೊಂಡ್ರ ಗಾಲಿ ಕೆಳಗ ಜೋಳದ ಕಣಕಿ ಸಿವುಡು ಹಾಕ್ರಿ, ಖಾಲಿ ಗೋಣಿ ಚೀಲ ಹಾಕ್ರಿ. ತೊಗರಿ ಕಟ್ಟಿಗಿ ಹಾಕಬ್ಯಾಡ್ರಿ, ಗಾಡಿ ಹೊರಗ ಬರ್ತದ, ಟೈರ್ ಪಂಚರ್ ಆಗಿ ಬರ್ತದ. ಜ್ಯಾಕ್ ಇಡಬೇಕಾದ್ರ ತಳಕ್ಕ ಒಂದಡಿ ಚೌಕದ, ಎರಡು ಇಂಚು ದಪ್ಪದ ಹಲಗಿ ಬೇಕು. ಇಲ್ಲಂದ್ರ ಗಾಡಿ ಮ್ಯಾಲ ಏಳಂಗಿಲ್ಲ, ಜ್ಯಾಕ್ ಕೆಳಗ ಹೋಗ್ತದ.

ನೂರಕ್ಕ ಎಪ್ಪತ್ತು ಡಾಂಬರ್ ಓಡಿಸೋರಿಗೆ ಎಮ್‌ಟಿ ಯಾಕ ಬ್ಯಾಡಂದ್ರ ಬ್ರೇಕ್. ದೊಡ್ಡ ಬ್ಲಾಕ್, ಅದರ ಮ್ಯಾಲ ಸಣ್ಣ ಸೀಳು ಕಡಿಮಿ, ಹಂಗಾಗಿ ಹಸಿ ಡಾಂಬರ್ ಮ್ಯಾಲ ಗಾಡಿ ದೂರ ಹೋಗಿ ನಿಲ್ತದ. ಮಳಖೇಡ, ಸೇಡಂ, ವಾಡಿ ರೋಡಿನಾಗ ಸಿಮೆಂಟ್ ಲಾರಿಗಳಿಂದ ಬಿದ್ದ ಧೂಳು ಮೊದಲನೇ ಮಳಿಗೆ ಕಲಸಿ ಸಾಬೂನು ಆಗ್ತದ. ಅಲ್ಲಿ 4×4 ನಿಮ್ಮನ್ನ ಮುಂದ ಒಯ್ಯಲಿಕ್ಕ ಅದ, ನಿಲ್ಲಸಲಿಕ್ಕ ಅಲ್ಲ. ನಿಲ್ಲಿಸೋದು ಟೈರು. ಟೈರ್ ಆರಿಸುವಾಗ ಬ್ಲಾಕಿನ ಮ್ಯಾಲ ಬ್ಲೇಡಿನಿಂದ ಗೀರಿದಂಥ ಸೀಳು ಎಷ್ಟು ಆಳ ಅವ ನೋಡ್ರಿ. ಕೆಲವು ಸಸ್ತಾ ಎಟಿಯಾಗ ಆ ಸೀಳು ಮ್ಯಾಲಿನ ಮೂರ್ನಾಕು ಮಿಲಿಮೀಟರ್ ಅಷ್ಟೇ ಇರ್ತಾವ, ಅರ್ಧ ಸವೆದ್ರ ಮಾಯ. ಆಮ್ಯಾಲ ಮಳ್ಯಾಗ ಹಿಡಿತ ಹೊಂಟುಹೋಗ್ತದ, ನೋಡ್ಲಿಕ್ಕ ಟೈರ್ ಇನ್ನೂ ಚಲೋ ಕಾಣ್ತದ.


ಕಾಗಿಣಾ ದಂಡಿ (ಚಿತ್ತಾಪುರ):

ಭಾಳ ಉಪಕಾರ್ರಿ. ಎಮ್‌ಟಿ ಬಿಟ್ಟೆ. ಮಧ್ಯದ ಎಟಿ ಕಡೆ ಮನಸ್ಸದ. ಆದ್ರ ಐದು ಟೈರಿಗೆ 82,500 ಒಮ್ಮಿಗೇ ಕಷ್ಟ ಆಗ್ತದ. ಹಿಂದಿನೆರಡು ಹೊಸಾವು, ಮುಂದ ಹಳೇವು ಇಟ್ರ ಏನಾಗ್ತದ? ಇಲ್ಲಾ ರಿಮೋಲ್ಡ್ ನಾಕು ಹಾಕಿ ಒಂದ್ವರ್ಷ ತಳ್ಳಬಹುದೇನು? ಮತ್ತ 255/70 ಹಾಕಿದ್ರ ಗಾಡಿ ಎತ್ತರ ಆಗ್ತದಲ್ಲ, ಅದು ಚಲೋ ಅಲ್ಲೇನು?


ಹುಮನಾಬಾದ್ ನಾಕಾ (ಕಲಬುರಗಿ):

ಎರಡು ಟೈರಿನ ಮಾತು ಮೊದಲು. ಥಾರ್‌ನದು ಪಾರ್ಟ್‌ಟೈಮ್ 4×4. ಮುಂದ–ಹಿಂದ ಆಕ್ಸೆಲ್ ನಡುವ ಡಿಫರೆನ್ಷಿಯಲ್ (ತಿರುಗೋ ವೇಗದ ಫರಕ್ ಸರಿದೂಗಸೋ ಗೇರ್) ಇಲ್ಲ. 4ಎಚ್ ಹಾಕಿದ ಮ್ಯಾಲ ಎರಡೂ ಪ್ರಾಪೆಲ್ಲರ್ ಶಾಫ್ಟ್ ಒಂದೇ ಸಮ ತಿರುಗಬೇಕು. ನಿಮ್ಮ ಹಳೇ ಟೈರ್ 3 ಮಿಲಿಮೀಟರ್. ಹೊಸಾವು 8 ಅಂತ ಹಿಡಿದ್ರೂ ಅರ್ಧವ್ಯಾಸದಾಗ 5 ಮಿಲಿಮೀಟರ್ ಫರಕ್, ಅಂದ್ರ ನೂರಕ್ಕ 1.3ರ ಹತ್ತಿರ. ಒಂದು ಕಿಲೋಮೀಟರ್ ಹೋಗೋದ್ರಾಗ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 12–13 ಮೀಟರ್ ಜಗಳ. ಎಟಿ ಟೈರ್ ಹೊಸದಿದ್ದಾಗ 10 ಮಿಲಿಮೀಟರೂ ಇರ್ತದ, ಆಗ ಇನ್ನೂ ಜಾಸ್ತಿ.

ರಾಡ್ಯಾಗ, ಸಡಿಲ ಮಣ್ಣಿನಾಗ ಗಾಲಿ ಜಾರಿ ಅದು ಸರಿ ಹೋಗ್ತದ. ಒಣ ಡಾಂಬರ್, ಪರ್ಸಿ ಹಾಸಿದ ಜಾಗ, ಸಿಮೆಂಟ್ ರೋಡು ಇಂಥಾ ಕಡೆ 4ಎಚ್ ಇದ್ರ ಜಾರಲಿಕ್ಕ ದಾರಿ ಇಲ್ಲ. ಆ ತಿರುಚು ಟ್ರಾನ್ಸ್‌ಫರ್ ಕೇಸಿನಾಗ (ಮುಂದ–ಹಿಂದ ಬಲ ಹಂಚೋ ಗೇರ್ ಡಬ್ಬಿ) ಕೂಡ್ತದ. ಲೀವರ್ 4ಎಚ್‌ನಿಂದ 2ಎಚ್‌ಗೆ (ಹಿಂದಿನ ಎರಡೇ ಗಾಲಿಗೆ ಬಲ) ಬರಂಗಿಲ್ಲ, ಸ್ಟೇರಿಂಗ್ ಗಟ್ಟಿ ಆಗ್ತದ, ಒಮ್ಮೆ ಧಡ್ ಅಂತ ಸಪ್ಪಳ ಬರ್ತದ. ಹಂಗಾದ್ರ ಲೀವರ್ ಜಗ್ಗಬ್ಯಾಡ್ರಿ. ಸೀದಾ ಹತ್ತಿಪ್ಪತ್ತು ಅಡಿ ರಿವರ್ಸ್ ಹೋಗ್ರಿ, ಬಿಡುಗಡಿ ಆಗ್ತದ. ಮಳಿಗಾಲದಾಗ 4×4 ಹಾಕೋರು ನಾಕೂ ಒಮ್ಮೆ ಬದಲಿ ಮಾಡ್ರಿ. ಒಂದೇ ಕಂಪನಿ, ಒಂದೇ ಪ್ಯಾಟರ್ನ್. ಗಾಲಿಗಾಲಿಗೆ ಟ್ರೆಡ್ ಫರಕ್ 2 ಮಿಲಿಮೀಟರ್ ಒಳಗ ಇರಲಿ.

ರೊಕ್ಕ ಉಳಸ್ಬೇಕಂದ್ರ ಸ್ಟೆಪ್ನಿ ಬಿಡ್ರಿ. ನಾಕೇ ಹೊಸಾವು ತಗೊಂಡು, ಹಳೇದ್ರಾಗ ಚಲೋ ಇದ್ದ ಒಂದನ್ನ ಹಿಂದ ತೂಗ ಹಾಕ್ರಿ. 66,000ಕ್ಕ ಮುಗೀತದ. ಅದು ಮನಿ ಇಲ್ಲಾ ಪಂಚರ್ ಅಂಗಡಿ ಮುಟ್ಟಲಿಕ್ಕ ಮಾತ್ರ. ಅದನ್ನ ಹಾಕಿದಾಗ 2ಎಚ್‌ನಾಗೇ ಓಡಸ್ರಿ.

ಇನ್ನೂ ಕಡಿಮ್ಯಾಗ ಬೇಕಂದ್ರ ಟೇಕ್‌ಆಫ್ ಹುಡುಕ್ರಿ. ಹೊಸ ಗಾಡಿ ತಗೊಂಡು ಶೋರೂಮಿನಿಂದ ಸೀದಾ ಟೈರ್ ಅಂಗಡಿಗೆ ಹೋಗಿ ದಪ್ಪ ಟೈರ್ ಹಾಕಸೋ ಮಂದಿ ಭಾಳ ಅದಾರ. ಅವರು ಬಿಟ್ಟುಹೋದ ಕಂಪನಿ ಟೈರು ಹೈದರಾಬಾದ್, ಸೋಲಾಪುರ, ಕಲಬುರಗಿ ಅಂಗಡಿಗಳಾಗ ಸಿಗ್ತಾವ. ಒಂದೇ ಸೆಟ್ಟು, ಟ್ರೆಡ್ ಹೊಸಾದ್ರಂಗೇ, ರೇಟು ಭಾಳ ಕಡಿಮಿ. ನಾಕೂ ಟೈರಿನ ಡಿಒಟಿ ಅಂಕಿ ಹತ್ತಿರ ಹತ್ತಿರ ಇರಬೇಕು. ರಿಮ್ಮಿನಿಂದ ಬಿಚ್ಚಿದ ಟೈರ್ ಆದ್ರಿಂದ ಒಳಗ ಕೈ ಆಡಿಸಿ ನೋಡ್ರಿ. ಪ್ಯಾಚ್, ಉಬ್ಬು, ಬೀಡ್ (ರಿಮ್ಮಿಗೆ ಕೂಡೋ ಟೈರಿನ ಅಂಚು) ಹರಿದ ಗುರುತು ಇದ್ರ ಬಿಡ್ರಿ. ನನ್ನ ಕೇಳಿದ್ರ ನಿಮ್ಮ ಪಟ್ಟಿಯಾಗ ಇಲ್ಲದ ಇದೇ ಎಲ್ಲಕ್ಕಿಂತ ಲಾಭದ್ದು.

ರಿಮೋಲ್ಡ್ ಬ್ಯಾಡ. ಹಳೇ ಟೈರಿನ ಮೈಮ್ಯಾಲ ಹೊಸ ರಬ್ಬರ್ ಬೇಯಿಸಿ ಕೂಡಿಸಿರ್ತಾರ. ಲಾರಿಗೆ ಅದು ನಡೀತದ, ಯಾಕಂದ್ರ ಲಾರಿ ಟೈರಿನ ಮೈ ರಿಟ್ರೆಡ್ ಆಗಲಿಕ್ಕಂತನೇ ದಪ್ಪ ಮಾಡಿರ್ತಾರ. ಕಾರಿನ ಟೈರ್ ಹಂಗಲ್ಲ, ಮತ್ತ ಆ ಹಳೇ ಮೈ ಎಷ್ಟು ವರ್ಷದ್ದು, ಎಲ್ಲಿ ಬಡಿಸಿಕೊಂಡದ ಯಾರಿಗೂ ಗೊತ್ತಿಲ್ಲ. ಬ್ಯಾಸಗ್ಯಾಗ ಹವಾ ಸ್ವಲ್ಪ ಕಡಿಮಿ ಇದ್ದು 90ರ ಮ್ಯಾಲ ಓಡಿಸಿದ್ರ ಕೂಡಿಸಿದ ಜಾಗ ಕಾಯ್ದು ಬಿಡ್ತದ. ಟ್ರೆಡ್ ಪಟ್ಟಿ ಕಿತ್ತು ಫೆಂಡರ್ ಒಡೀತದ, ಬ್ರೇಕ್ ಪೈಪ್ ಕಡೀತದ. ದಿನಾ ಹೊಲದಾಗೇ 30ರ ಮ್ಯಾಲ ಹೋಗದ ಜೀಪಿಗಾದ್ರ ಹಾಕ್ಕೋಬಹುದು. ಹೈದರಾಬಾದ್ ರೋಡಿಗಲ್ಲ.


ಮಾಂಜ್ರಾ (ಬೀದರ್):

255/70ರ ಬಗ್ಗೆ: 255/65 ಆರ್18ರ ವ್ಯಾಸ 788.7 ಮಿಲಿಮೀಟರ್, 255/70 ಆರ್18ರದ್ದು 814. ಶೇ. 3.2 ದೊಡ್ಡದು. ಗಾಡಿ ಎತ್ತರವಾಗುವುದು ಅದರ ಅರ್ಧ, ಒಂದು ಇಂಚಿನಷ್ಟೂ ಅಲ್ಲ, 12–13 ಮಿಲಿಮೀಟರ್. ಸ್ಪೀಡೋಮೀಟರ್ 100 ಸರಿಯಾಗಿ ತೋರಿಸುವ ಗಾಡಿಯಾದರೆ ನಿಜವಾದ ವೇಗ 103. ಗೇರ್ ಎಲ್ಲವೂ ಶೇ. 3 ಎತ್ತರವಾದಂತೆ, ಎಳೆತ ಅಷ್ಟು ಕಡಿಮೆ. ಭಾರದ ಸ್ಟೆಪ್ನಿ ಹಿಂದಿನ ಬಾಗಿಲಿನ ಹಿಂಜಿನ ಮೇಲೆ ನೇತಾಡುತ್ತದೆ. ಕಂಪನಿ ನಿಮ್ಮ ಮಾಡೆಲ್‌ಗೆ ಕೊಡದ ಸೈಜು ಹಾಕಿದರೆ ಇನ್ಶೂರೆನ್ಸ್ ಕ್ಲೇಮಿನ ಹೊತ್ತಿನಲ್ಲಿ ತಕರಾರಿಗೆ ಒಂದು ಎಳೆ ಕೊಟ್ಟಂತೆ. 12 ಮಿಲಿಮೀಟರಿಗೆ ಇಷ್ಟೆಲ್ಲ ಏಕೆ?

ಬದಲಾಯಿಸಲೇಬೇಕೆಂದಿದ್ದರೆ ರಿಮ್ ಸೈಜಿನಲ್ಲಿ ಕೆಳಗೆ ಬನ್ನಿ. ಥಾರ್‌ನ ಕೆಳಗಿನ ವೇರಿಯಂಟ್‌ಗೆ ಬಂದ 245/75 ಆರ್16 ಟೈರಿನ ವ್ಯಾಸ 774, ಬದಿಯ ಎತ್ತರ 184 ಮಿಲಿಮೀಟರ್. ನಿಮ್ಮದರಲ್ಲಿ 166. ಚಪ್ಪಡಿ ಅಂಚಿಗೆ ಬಡಿದಾಗ ಮಡಚಿಕೊಳ್ಳಲು 18 ಮಿಲಿಮೀಟರ್ ರಬ್ಬರ್ ಹೆಚ್ಚು ಸಿಗುತ್ತದೆ. ಸ್ಟೀಲ್ ರಿಮ್ ಬಾಗಿದರೆ ಬಡಿದು ನೆಟ್ಟಗೆ ಮಾಡಿಸಬಹುದು, ಅಲಾಯ್ ಸೀಳಿದರೆ ಹೊಸದೇ ಗತಿ. 16 ಇಂಚಿನ ಟೈರುಗಳೂ ಅಗ್ಗ, ಆಯ್ಕೆಯೂ ಹೆಚ್ಚು. ಒಂದು ರಿಮ್ ಕೂಡಿಸಿ ಬ್ರೇಕ್ ಕ್ಯಾಲಿಪರಿಗೆ ತಾಗುತ್ತದೆಯೇ ಎಂದು ಕೈಯಿಂದ ತಿರುಗಿಸಿ ನೋಡಿದ ಮೇಲೆ ಉಳಿದವನ್ನು ಕೊಳ್ಳಿ.

ಹವಾ ವಿಷಯದಲ್ಲಿ ನಮ್ಮ ಕಡೆ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಬೇಸಿಗೆಯಲ್ಲಿ ಟೈರ್ ಒಡೆಯುತ್ತದೆ ಎಂದು ಮಧ್ಯಾಹ್ನ ಬಿಸಿ ಟೈರಿನಿಂದ ಹವಾ ಬಿಡುವುದು. ಸುಮಾರು ಐದೂವರೆ ಡಿಗ್ರಿ ಬಿಸಿ ಏರಿದರೆ ಒಳಗೆ 1 ಪಿಎಸ್ಐ ಏರುತ್ತದೆ. ಬೆಳಿಗ್ಗೆ 27 ಡಿಗ್ರಿಯಲ್ಲಿ ಸರಿ ಇದ್ದ ಟೈರು 43 ಡಿಗ್ರಿಯಲ್ಲಿ ನಿಂತಲ್ಲೇ 3 ಪಿಎಸ್ಐ ಹೆಚ್ಚು ತೋರಿಸುತ್ತದೆ, ಓಡಿದರೆ ಇನ್ನೂ ನಾಲ್ಕು ಸೇರುತ್ತದೆ. ಅದು ಇರಬೇಕಾದದ್ದೇ. ಬಿಟ್ಟರೆ ಟೈರ್ ಹೆಚ್ಚು ಮಡಚುತ್ತದೆ, ಇನ್ನೂ ಕಾಯುತ್ತದೆ. ಒಡೆಯುವುದು ಹವಾ ಹೆಚ್ಚಾಗಿ ಅಲ್ಲ, ಕಡಿಮೆಯಾಗಿ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಚಾಲಕನ ಬಾಗಿಲ ಕಂಬದ ಮೇಲಿನ ಸ್ಟಿಕ್ಕರಿನಷ್ಟು ಹಾಕಿ, ಆಮೇಲೆ ಮುಟ್ಟಬೇಡಿ. ಖಣಿ ದಾರಿಯಲ್ಲಿ ನಿಧಾನ ಹೋಗುವಾಗ 25ರ ಸುತ್ತ ಇಳಿಸಿದರೆ ಟ್ರೆಡ್ ಕಲ್ಲಿನ ಮೇಲೆ ಮೆತ್ತಗೆ ಕೂರುತ್ತದೆ. ಆದರೆ ಬದಿ ಹೊರಗೆ ಉಬ್ಬುವುದರಿಂದ ಪಕ್ಕದ ಚಪ್ಪಡಿಗೆ ಇನ್ನಷ್ಟು ಅಂತರ ಬಿಡಬೇಕು. ಮಣ್ಣಿಗೆ 20. ಅದಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಬೀಡ್ ರಿಮ್ ಬಿಟ್ಟು ಬರುತ್ತದೆ. ಗಾಡಿಯಲ್ಲಿ 12 ವೋಲ್ಟಿನ ಕಂಪ್ರೆಸರ್ ಇಲ್ಲದಿದ್ದರೆ ಇಳಿಸಲೇಬೇಡಿ, ಏಕೆಂದರೆ 20 ಪಿಎಸ್ಐನಲ್ಲಿ 30–40ಕ್ಕಿಂತ ಜೋರಾಗಿ ಮನೆಗೆ ಬರುವಂತಿಲ್ಲ.


ಹುಮನಾಬಾದ್ ನಾಕಾ (ಕಲಬುರಗಿ):

ಹಾಕಸೋ ದಿನದ ಮಾತು ಯಾರೂ ಹೇಳಿಲ್ಲ, ಅದಕ್ಕ ಬರೀತೀನಿ. ಎಷ್ಟು ತುಟ್ಟಿ ಟೈರ್ ಇದ್ರೂ ಹಾಕೋವಾಗ ಕೆಡತದ.

ರಬ್ಬರ್ ವಾಲ್ವ್ ಇದ್ರ ನಾಕೂ ಹೊಸಾವು ಹಾಕಸ್ರಿ, ಸಣ್ಣ ಖರ್ಚು. ಹಳೇ ವಾಲ್ವ್ ಬುಡದಾಗ ಬಿರುಕು ಬಿಟ್ಟಿರ್ತದ, ಹೊಸ ಟೈರಿನ ಹವಾ ಅಲ್ಲಿಂದ ಹೋಗ್ತದ, ಬೈಗುಳ ಟೈರಿಗೆ. ಹವಾ ತೋರಸೋ ಸೆನ್ಸರ್ ಇದ್ದ ವಾಲ್ವ್ ಆದ್ರ ಮೊದಲೇ ಹೇಳ್ರಿ: ಮಷೀನಿನ ಬೀಡ್ ಬಿಡಿಸೋ ಹಲಗಿ ವಾಲ್ವ್ ಹತ್ತಿರ ಒತ್ತಿದ್ರ ಸೆನ್ಸರ್ ಮುರೀತದ. ರಿಮ್ಮಿನ ಅಂಚಿಗೆ ಕೂತ ಹಳೇ ರಬ್ಬರ್, ಸುಣ್ಣದ ಧೂಳು ತಂತಿ ಬ್ರಶ್ಶಿನಿಂದ ತಗಸ್ರಿ. ಅದು ಉಳಿದ್ರ ತಿಂಗಳಿಗೆ ಐದಾರು ಪಿಎಸ್ಐ ಸೋರ್ತದ, ಪಂಚರ್ ಎಲ್ಲೂ ಸಿಗಂಗಿಲ್ಲ.

ನಟ್ ಮೊದಲು ಕೈಲೆ ಕೂಡಸ್ಬೇಕು, ಆಮ್ಯಾಲ ಎದುರುಬದುರು ಬಿಗೀಬೇಕು, ಕೊನೀಗೆ ಟಾರ್ಕ್ ಪಾನಾದಿಂದ ಮ್ಯಾನ್ಯುಯಲ್‌ನಾಗ ಇದ್ದಷ್ಟು. ಹವಾ ಗನ್ನಿನಿಂದ ಟರ್‌ರ್ ಅಂತ ಕೊನಿ ತನಕ ಹೊಡೆದ್ರ ಹೊಲದಾಗ ನಿಮ್ಮ ಕೈ ಪಾನಾದಿಂದ ಅದು ಬಿಚ್ಚಂಗಿಲ್ಲ. 50–100 ಕಿಲೋಮೀಟರ್ ಓಡಿದ ಮ್ಯಾಲ ಮತ್ತೊಮ್ಮೆ ಬಿಗಿಸ್ರಿ. ಬ್ಯಾಲೆನ್ಸಿಂಗ್ ಮತ್ತ ಅಲೈನ್‌ಮೆಂಟ್ ಅವತ್ತೇ ಮುಗಸ್ರಿ.

ಮಳಿಗಾಲದಾಗ ಹೊಲದಿಂದ ಬಂದ ಮರುದಿನ 70–80ಕ್ಕ ಸ್ಟೇರಿಂಗ್ ನಡುಗ್ತದಂತ ಅಂಗಡಿಗೆ ಬರ್ತಾರ. ಬ್ಯಾಲೆನ್ಸಿಂಗ್ ಕೆಟ್ಟಿರಂಗಿಲ್ಲ. ರಿಮ್ಮಿನ ಒಳಮೈಗೆ ಎರಿ ಮಣ್ಣು ಒಂದೇ ಕಡೆ ಮೆತ್ತಿ ಒಣಗಿರ್ತದ. ಒಳಬದಿಗೆ ನೀರು ಜೋರ್ ಹೊಡೆದು ತೊಳೀರಿ, ರೊಕ್ಕ ಉಳೀತದ. ಹಸಿ ಇದ್ದಾಗ ತೊಳೆದ್ರ ಐದು ನಿಮಿಷ, ಒಣಗಿದ ಮ್ಯಾಲ ಕೆರೀಬೇಕಾಗ್ತದ.

ಪಂಚರ್ ಆದ್ರ ದಾರದ ಪ್ಲಗ್ ಟ್ರೆಡ್ಡಿನ ನಡುವಿನ ತೂತಿಗೆ, ಅದೂ 6 ಮಿಲಿಮೀಟರ್ ಒಳಗಿದ್ರ ಮಾತ್ರ. ತೊಗರಿ ಕೂಳಿ ತೂತು ಓರೆ ಇರ್ತದ, ದೊಡ್ಡದೂ ಇರ್ತದ. ದಾರ ಹಾಕಿ ಊರು ಮುಟ್ಟಿ, ಆಮ್ಯಾಲ ಟೈರ್ ಬಿಚ್ಚಿಸಿ ಒಳಗಿಂದ ಮಶ್ರೂಮ್ ಪ್ಯಾಚ್ (ಅಣಬಿ ಆಕಾರದ, ತೂತಿಗೆ ಕಡ್ಡಿ ಇದ್ದ ಪ್ಯಾಚ್) ಹಾಕಸ್ರಿ.


ಕಾಗಿಣಾ ದಂಡಿ (ಚಿತ್ತಾಪುರ):

ಟೇಕ್‌ಆಫ್ ಒಂದು ಸೆಟ್ಟು ಕೇಳಿ ನೋಡ್ತೀನ್ರಿ, ಸಿಗದಿದ್ರ 16,500ರ ನಾಕು. ಮುಂದ ಸ್ಟೆಪ್ನಿನೂ ಹೊಸಾದು ತಗೊಂಡ್ರ ಐದೂ ಟೈರ್ ಅದಲು ಬದಲು ಮಾಡೋ ಕ್ರಮ ಹ್ಯಾಂಗ?


ಹುಮನಾಬಾದ್ ನಾಕಾ (ಕಲಬುರಗಿ):

ತಗೊಂಡ್ರ ಈ ನಾಕು ಸವೆಯೋ ಮುಂಚೇನೇ ತಗೋರಿ, ಐದೂ ಸಮ ಇದ್ರ ಮಾತ್ರ ಈ ಕ್ರಮ. ಸ್ಟೆಪ್ನಿ ಹಿಂದಿನ ಬಲಕ್ಕ. ಹಿಂದಿನ ಬಲದ್ದು ಮುಂದಿನ ಬಲಕ್ಕ. ಮುಂದಿನ ಬಲದ್ದು ಅಡ್ಡ ದಾಟಿ ಹಿಂದಿನ ಎಡಕ್ಕ. ಹಿಂದಿನ ಎಡದ್ದು ಮುಂದಿನ ಎಡಕ್ಕ. ಮುಂದಿನ ಎಡದ್ದು ಸ್ಟೆಪ್ನಿ ಆಗ್ತದ. 8,000 ಕಿಲೋಮೀಟರಿಗೊಮ್ಮೆ ಮಾಡ್ರಿ. ಟೈರಿನ ಬದಿಗೆ ತಿರುಗೋ ದಿಕ್ಕಿನ ಬಾಣದ ಗುರುತು ಇದ್ರ ಅಡ್ಡ ದಾಟಿಸಲಿಕ್ಕ ಬರಂಗಿಲ್ಲ, ಅಂಥಾ ಪ್ಯಾಟರ್ನ್ ತಗೋಬ್ಯಾಡ್ರಿ. ಪ್ರತಿ ಸಲ ಐದೂ ಟೈರಿನ ಟ್ರೆಡ್ ಆಳ ಅಳೆದು ಸರ್ವಿಸ್ ಬುಕ್ಕಿನ ಹಿಂದ ಬರದಿಡ್ರಿ. ಒಂದು ಟೈರ್ ಒಳ ಅಂಚಿಗಷ್ಟೇ ಜಲ್ದಿ ಸವೀತಿದ್ರ ಅಲೈನ್‌ಮೆಂಟ್ ಹೋಗ್ಯಾದಂತ ಅಲ್ಲೇ ಗೊತ್ತಾಗ್ತದ.